ಜಡೆಪ್ಪಮಾವನ ಬಣ್ಣದ ಗಾಜು

ನಮ್ಮ ಸೋದರಮಾವ ಜಡೆಪ್ಪನಿಗೆ ವಡ್ಡು ಎಂಬ ಊರಿನಲ್ಲಿ ಫೋಟೊ ಸ್ಟುಡಿಯೊ ಇತ್ತು. ಎಲ್ಲರೂ ಡಿಜಿಟಲ್ ಕ್ಯಾಮೆರಾದ ಹಿಂದೆ ಬಿದ್ದಿದ್ದ 2006ರಲ್ಲಿ ಈ ಮನುಷ್ಯ ನೂರು ವರ್ಷ ಹಳೆಯ ವಿದ್ಯೆಗೆ ಕೈಹಾಕಿದ. ಆಲೂಗಡ್ಡೆ ಹಿಟ್ಟನ್ನು ಮೂರು ಪಾಲು ಮಾಡಿ, ಕೆಂಪು, ಹಸಿರು, ನೀಲಿ ಬಣ್ಣ ಕಟ್ಟಿ, ಒಟ್ಟಿಗೆ ಬೆರೆಸಿ, ಅಂಟು ಸವರಿದ ಗಾಜಿನ ಮೇಲೆ ಉದುರಿಸಿ ಒಣಗಿಸುತ್ತಿದ್ದ. ಅದರ ಹಿಂದೆ ಕಪ್ಪು-ಬಿಳುಪು ಫಿಲ್ಮ್ ಇಟ್ಟು ತೆಗೆದ ಚಿತ್ರವನ್ನು ಅದೇ ಗಾಜಿನೊಂದಿಗೆ ಬೆಳಕಿಗೆ ಹಿಡಿದರೆ ಬಣ್ಣ ಕಾಣಬೇಕು.

ಕಂಡದ್ದು ಬರೀ ಕೆಂಪು. ಬಾಳೆಗಿಡವೂ ಕೆಂಪು.

"ಕೆಂಪು ಕಮ್ಮಿ ಹಾಕ್ರಿ," ಎಂದಳು ಮುದುಕಮ್ಮತ್ತೆ, ಸಾರಿಗೆ ಖಾರ ಹೆಚ್ಚಾದಾಗ ಹೇಳುವ ಹಾಗೆ. ಮಾವ ಎರಡು ವರ್ಷ ಚಮಚ ಚಮಚವಾಗಿ ಕಮ್ಮಿ ಮಾಡುತ್ತ ಬಂದ. ಕೊನೆಗೊಮ್ಮೆ ಅತ್ತೆಯ ಹಸಿರು ಸೀರೆ ಹಸಿರಾಗಿಯೇ ಬಂತು. ಅಳತೆಯನ್ನು ಗೋಡೆ ಮೇಲೆ ಬರೆದಿಟ್ಟ.

ಅದೇ ಅಳತೆಯಲ್ಲಿ ಕಂಪ್ಲಿಯ ನಮ್ಮ ಮನೆಯಲ್ಲೂ ಒಂದು ಗಾಜು ಮಾಡಿ ನಮ್ಮ ಫೋಟೊ ತೆಗೆದ. ಎಲ್ಲರ ಮುಖ ಪಾಚಿಗಟ್ಟಿದ ಹಾಗೆ ಹಸಿರು. ನಾವು ಬಿದ್ದು ಬಿದ್ದು ನಕ್ಕೆವು. ಈಗ ನೆನೆದರೆ ನಮ್ಮ ಮೇಲೇ ಸಿಟ್ಟು ಬರುತ್ತದೆ.

ಮಾವ ಮಾತ್ರ ಹಗ್ಗದ ಮೇಲೆ ಒಣಗುತ್ತಿದ್ದ ತನ್ನ ಪಂಚೆಯನ್ನೇ ನೋಡುತ್ತ ನಿಂತ. ಅದು ಬೆಳ್ಳಗಿತ್ತು. ವಡ್ಡುವಿನಲ್ಲಿ ಪಂಚೆಯನ್ನೂ ಗಾಜನ್ನೂ ಒಣಗಿಸುತ್ತಿದ್ದದ್ದು ಮಾಳಿಗೆ ಮೇಲೆ, ಕಬ್ಬಿಣದ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸುವ ರಸ್ತೆಯ ಪಕ್ಕದಲ್ಲಿ.

"ನಾ ಹಾಕಿದ್ದು ಅರ್ಧ ಚಮಚ ಕೆಂಪು, ತಂಗಿ," ಎಂದ ಅವ್ವನಿಗೆ. "ಉಳಿದದ್ದು ಲಾರಿ ಹಾಕ್ತಿದ್ವು."