ಕಲ್ಲು ತಟ್ಟುವ ಮೇಯೊ ಭಾವ

ಸೆತ್ತಿನ್ಯಾನೊ ಊರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಎಲ್ಲರೂ ಶಿಲ್ಪಿಗಳೇ. ಈಗಿನ ಯಜಮಾನರು ನಮ್ಮವರ ಅಣ್ಣ, ಮೇಯೊ ಭಾವ. ಅಮೃತಶಿಲೆಯನ್ನು ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವವರು. ಚಟ ಅಷ್ಟಕ್ಕೇ ನಿಲ್ಲದು: ರೊಟ್ಟಿ, ದ್ರಾಕ್ಷಾರಸದ ಪೀಪಾಯಿ, ಕೊನೆಗೆ ತಂಗಿಯನ್ನು ನೋಡಲು ಬಂದ ವರನ ಬೆನ್ನನ್ನೂ ತಟ್ಟಿ, "ಬೇಡ ಕಣಮ್ಮ, ಇವ್ನು ಟೊಳ್ಳು" ಎಂದು ಅವನೆದುರಿಗೇ ಅಂದುಬಿಟ್ಟಿದ್ದರು. ಮೊನ್ನೆ ಬಿಷಪ್ಪರ ಸಮಾಧಿಗೆ ತಂದ ಕಲ್ಲನ್ನು ತಟ್ಟಿ, ಕಣ್ಣು ಮುಚ್ಚಿ, ನಮ್ಮವರಿಗೆ "ಗಂಟೆ ಇದ್ದಂಗಿದೆ ನೋಡೋ!" ಎಂದರು. ಆಗ ಇಗರ್ಜಿಯ ಗಂಟೆ ಜೋರಾಗಿ ಹೊಡೆಯುತ್ತಿತ್ತು, ಭಾವ ತಲೆಯೆತ್ತಲಿಲ್ಲ. ಸುತ್ತಿಗೆಯ ಸದ್ದಿಗೆ ಅವರ ಕಿವಿ ಹೋಗಿ ಎಷ್ಟೋ ಕಾಲವಾಯಿತು. ನಮ್ಮವರೇ ಮೊದಲು ಎಲ್ಲ ಕಲ್ಲನ್ನೂ ತಟ್ಟಿ, ಬಿರುಕು ಬಿಟ್ಟದ್ದನ್ನು ಹಿತ್ತಲಿಗೆ ಸಾಗಿಸಿ, ಗಟ್ಟಿಯಾದದ್ದನ್ನಷ್ಟೇ ಅಣ್ಣನ ಮುಂದಿಡುತ್ತಾರೆ. "ಹೌದಣ್ಣ, ಥೇಟ್ ಗಂಟೇನೇ" ಎಂದು ತಲೆಯಾಡಿಸುತ್ತಾರೆ. ಭಾವ ತಮ್ಮನ ತುಟಿಯನ್ನೇ ನೋಡುತ್ತಿರುತ್ತಾರೆ.