ಬಾಟಲಿ ಒಡೆಯುವ ಸ್ಟ್ಯಾನಿ

ಕುವೈತ್ ಸಿಟಿಗೆ ಹತ್ತಿರದ ಬಡಾವಣೆಯೊಂದರಲ್ಲಿ ಎತ್ತರದ ಗೋಡೆಯ ಒಂದು ಬಂಗಲೆ. ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ಹಿತ್ತಿಲಿನ ಸಿಮೆಂಟು ನೆಲದ ಮೇಲೆ ಸ್ಟ್ಯಾನಿ ಮೊಂತೇರೊ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎದುರಿಗೆ ನಿನ್ನೆಯ ಔತಣದ ಖಾಲಿ ವೈನ್ ಬಾಟಲಿಗಳು. ಒಂದೊಂದರ ಲೇಬಲ್ಲನ್ನೂ ಬಕೆಟ್ಟಿನಲ್ಲಿ ನೆನೆಸಿ, ಉಗುರಿನಿಂದ ಕೆರೆದು ತೆಗೆಯುತ್ತಾರೆ. ಆಮೇಲೆ ಬಾಟಲಿಯನ್ನು ಗೋಣಿಚೀಲದೊಳಗೆ ಇಟ್ಟು, ಬಾಯಿ ಮಡಚಿ ಸುತ್ತಿಗೆಯಿಂದ ಹೊಡೆಯುತ್ತಾರೆ. ಒಂದು ಏಟು ಅವರಿಗೆ ಸಾಲದು. ಕತ್ತು, ತಳ ಎಲ್ಲ ಪುಡಿಯಾಗಬೇಕು. ಹೆಬ್ಬೆರಳಿನ ತುಂಬ ಗಾಜು ಹೊಕ್ಕ ಹಳೆಯ ಗುರುತುಗಳು.

"ಹೀಗೆ ಮಾಡ್ಲಿಕ್ಕೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ನಾನೇ ಶುರು ಮಾಡಿದ್ದು. ಬಾಟ್ಲಿ ಇಡಿಯಾಗಿ ಗೇಟಿನ ಹೊರಗೆ ಹೋಗ್ಬಾರ್ದು, ಅಷ್ಟೇ," ಎಂದು ನನಗೆ ಹೇಳುತ್ತಾರೆ.

ಶಿರ್ವದ ಕಡೆಯ ಸ್ಟ್ಯಾನಿ ಮುಂಬಯಿಯ ಹೋಟೆಲೊಂದರಲ್ಲಿ ಬಡಿಸುವ ಕೆಲಸ ಕಲಿತವರು. ಕೊಲ್ಲಿ ಯುದ್ಧ ಮುಗಿದ ಎರಡು ವರ್ಷಕ್ಕೆ ಕುವೈತಿಗೆ ಬಂದರು. ಹಲವು ಕಡೆ ದುಡಿದು ಕೊನೆಗೆ ಯುರೋಪಿನ ರಾಜತಾಂತ್ರಿಕರೊಬ್ಬರ ಮನೆ ಸೇರಿದರು. ಹೆಂಡತಿ ಇನೆಜ್ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮದ್ಯ ನಿಷಿದ್ಧವಾದ ಈ ದೇಶದಲ್ಲಿ ಸ್ಟ್ಯಾನಿಯವರ ಕೆಲಸ ವೈನ್ ಬಡಿಸುವುದು. ಗೇಟಿನ ಒಳಗೆ ಅದು ಅತಿಥಿ ಸತ್ಕಾರ, ಹೊರಗೆ ಜೈಲು.

ಆ ಮನೆಯಲ್ಲಿ ದೊಡ್ಡ ಅತಿಥಿಗಳು ಬಂದಾಗ ಮಾತ್ರ ತೆರೆಯುವ ಕೆಂಪು ವೈನ್ ಒಂದಿದೆ. ಮನೆಯೊಡತಿಯ ತವರಿನದು. ಮಂಜು ಮುಸುಕುವ ಚಳಿನಾಡಿನ ಗುಡ್ಡದಲ್ಲಿ ಆಕೆಯ ಮುತ್ತಜ್ಜ ನೆಟ್ಟ ದ್ರಾಕ್ಷಿಬಳ್ಳಿಗಳು ಈಗ ತೊಡೆ ಗಾತ್ರದ ಕಾಂಡಗಳಾಗಿವೆಯಂತೆ. ಮುದಿ ಬಳ್ಳಿ, ನಾಲ್ಕೇ ಗೊಂಚಲು ಬಿಡುತ್ತದೆ. ಬಿಟ್ಟದ್ದು ತಣ್ಣಗೆ, ತಡವಾಗಿ ಹಣ್ಣಾಗುತ್ತದೆ. ಸ್ಟ್ಯಾನಿ ಅದನ್ನು ಊಟಕ್ಕೆ ಮೊದಲೇ ತೆರೆದು, ಅಡಿಯ ಚರಟ ಕದಡದಂತೆ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸುತ್ತಾರೆ.

"ಬಣ್ಣ ದಪ್ಪ ಇಲ್ಲ. ನಮ್ಮ ಪುನರ್ಪುಳಿ ಶರಬತ್ತಿನ ಹಾಗೆ, ಗ್ಲಾಸಿನ ಆಚೆ ಬೆರಳು ಕಾಣ್ತದೆ. ಪರಿಮಳ ಮಾತ್ರ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಬರ್ತದೆ."

ಈ ಮಾತನ್ನು ಅವರು ಹಿಂದೆ ಇನ್ನೊಬ್ಬರಿಗೂ ಹೇಳಿದ್ದರು. ಭೋಜನಿಗೆ. ಮುಲ್ಕಿಯ ಭೋಜ ಇಲ್ಲಿಯ ಮಿರ್ಕಾಬ್ ಪೇಟೆಯ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಖೈತಾನ್ ಬಡಾವಣೆಯ ಒಂದು ಕೋಣೆಯಲ್ಲಿ ಐದು ಜನರ ಜೊತೆ ವಾಸ. ಶುಕ್ರವಾರದ ಊಟಕ್ಕೆ ಸ್ಟ್ಯಾನಿ ಅಲ್ಲಿಗೆ ಹೋಗುವುದಿತ್ತು. ಲೇಬಲ್ಲಿನ ಮೇಲಿನ ಚಿತ್ರವನ್ನೂ ವಿವರಿಸಿದ್ದರು: ಗಂಟುಗಂಟಾದ ಒಂದು ಮುದಿ ಬಳ್ಳಿ, ಅದಕ್ಕೆ ಒರಗಿಸಿಟ್ಟ ಏಣಿ. "ಒಂದು ಸಲ ಅದರ ರುಚಿ ನೋಡ್ಬೇಕು ಸ್ಟ್ಯಾನಿಯಣ್ಣ," ಎಂದು ಭೋಜ ನಗುತ್ತಿದ್ದ.

2004ರ ಚಳಿಗಾಲದಲ್ಲಿ ಊರಿನಿಂದ ಫೋನ್ ಬಂತು. ಭೋಜನ ಹೆಂಡತಿ ರತ್ನಾವತಿಗೆ ಹೆಣ್ಣು ಮಗು. ಗುರುವಾರ ಸಂಜೆ ಭೋಜ ಕೋಣೆಯವರಿಗೆ ಪಾರ್ಟಿ ಕೊಟ್ಟ. ಮರುದಿನ ಬೆಳಿಗ್ಗೆ ಇಗರ್ಜಿಯ ಪೂಜೆ ಮುಗಿಸಿ ಸ್ಟ್ಯಾನಿ ಕೋಣೆಗೆ ಹೋದಾಗ ಭೋಜ ಗೋಡೆಗೆ ಒರಗಿ ಕೂತಿದ್ದ. ಇನ್ನೊಬ್ಬ ಮೂಲೆಯಲ್ಲಿ ವಾಂತಿ ಮಾಡುತ್ತಿದ್ದ.

"ಸ್ಟ್ಯಾನಿಯಣ್ಣ, ಹೊರಗೆ ಮಂಜು ಬಿದ್ದಿದೆಯಾ?" ಎಂದು ಭೋಜ ಕೇಳಿದ.

ಹೊರಗೆ ನಿಚ್ಚಳ ಬಿಸಿಲು. ಮಂಚದ ಪಕ್ಕದಲ್ಲಿ ಒಂದು ಬಾಟಲಿ. ಗಂಟುಗಂಟಾದ ಬಳ್ಳಿ, ಒರಗಿಸಿಟ್ಟ ಏಣಿ.

"ನಿಮ್ಮ ಮನೆಯದ್ದೇ ವೈನ್ ಸಿಕ್ಕಿತು ಅಂತ ಹೇಳಿದ ಅವ. ನನಗೂ ಸ್ವಲ್ಪ ತೆಗೆದಿಟ್ಟಿದ್ದ," ಎಂದು ಹೇಳುವಾಗ ಸ್ಟ್ಯಾನಿಯವರ ಸ್ವರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಂಗಲೆಯ ಕಸದಿಂದ ಯಾರೋ ಖಾಲಿ ಬಾಟಲಿ ಹೆಕ್ಕಿದ್ದರು. ಇನ್ಯಾರೋ ಅದಕ್ಕೆ ಬಣ್ಣದ ರಸ ಮತ್ತು ಕಣ್ಣು ಕಳೆಯುವ ಮೆಥನಾಲ್ ತುಂಬಿ, ಕಾರ್ಕ್ ಒತ್ತಿ ಮಾರಿದ್ದರು. ಸ್ಟ್ಯಾನಿಯ ಬಾಯಿಂದ ಕೇಳಿದ ಚಿತ್ರ ಕಣ್ಣೆದುರು ಕಂಡಾಗ ಭೋಜನಿಗೆ ಸಂಶಯವೇ ಬಂದಿರಲಿಲ್ಲ.

ಸ್ಟ್ಯಾನಿ ಇನೆಜ್‌ಗೆ ಫೋನ್ ಮಾಡಿದರು. ಆಕೆ ಡ್ಯೂಟಿಯಲ್ಲಿದ್ದರು. "ಒಂದು ನಿಮಿಷವೂ ನಿಲ್ಬೇಡಿ, ಕರ್ಕೊಂಡು ಬನ್ನಿ," ಎಂದು ಕಿರುಚಿದರು. ಆದರೆ ಕೋಣೆಯವರು ಬಾಗಿಲಿಗೆ ಅಡ್ಡ ನಿಂತರು. ಆಸ್ಪತ್ರೆಗೆ ಹೋದರೆ ಪೊಲೀಸ್ ಬರುತ್ತಾರೆ, ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ಖಲಾಸ್. ಭೋಜನೇ ಸ್ಟ್ಯಾನಿಯ ಕೈ ಹಿಡಿದು ಬೇಡಿಕೊಂಡ: "ಬೇಡ ಅಣ್ಣ. ನಿನ್ನೆ ಮಗು ಹುಟ್ಟಿದೆ, ಇವತ್ತು ನನ್ನನ್ನು ಊರಿಗೆ ಅಟ್ಟಿದ್ರೆ? ಮಲಗಿದ್ರೆ ಸರಿ ಆಗ್ತದೆ."

ಮಧ್ಯಾಹ್ನದ ಹೊತ್ತಿಗೆ ಭೋಜ ಏದುಸಿರು ಬಿಡುತ್ತಿದ್ದ. ಸ್ಟ್ಯಾನಿ ಎಲ್ಲರನ್ನೂ ದೂಡಿ ಅವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದರು. ಆ ಬಾಟಲಿಯಿಂದ ಕುಡಿದಿದ್ದ ಇನ್ನೊಬ್ಬನನ್ನೂ ಟ್ಯಾಕ್ಸಿಗೆ ಎಳೆದು ಹಾಕಿಕೊಂಡರು. ಶನಿವಾರ ಭೋಜ ತೀರಿಕೊಂಡ. ಇನ್ನೊಬ್ಬ ಬದುಕಿದ, ಕಣ್ಣು ಹೋಯಿತು. ಅವನನ್ನು ಕೈಹಿಡಿದು ವಿಮಾನ ಹತ್ತಿಸಿ ಊರಿಗೆ ಕಳಿಸಿದರು.

ಬಾಟಲಿಯ ಜಾಡು ಹಿಡಿದ ಪೊಲೀಸರು ಸ್ಟ್ಯಾನಿಯನ್ನೇ ಒಳಗೆ ಹಾಕಿದರು. ಮನೆಯೊಡತಿ ಬಂದು ಇವರ ಪರವಾಗಿ ಮಾತಾಡಿದ ಮೇಲೆ ಬಿಟ್ಟರು. ಆದರೆ ಇಗರ್ಜಿಯ ಅಂಗಳದಲ್ಲಿ ಜನ ದೂರ ಸರಿದು ನಿಲ್ಲತೊಡಗಿದರು. ಮಾರಿದ್ದು ಇವನೇ ಎಂಬ ಮಾತು ಇವತ್ತಿಗೂ ಪೂರ್ತಿ ಸತ್ತಿಲ್ಲ. ರತ್ನಾವತಿಗೆ ಫೋನ್ ಮಾಡುವ ಕೆಲಸವೂ ಸ್ಟ್ಯಾನಿಯ ಪಾಲಿಗೇ ಬಂತು. "ಅವಳು ಬೈಲಿಲ್ಲ. ಒಂದೇ ಕೇಳಿದ್ದು, ನೀವು ಹತ್ತಿರ ಇದ್ರಾ ಅಂತ. ಇದ್ದೆ ಅಂದೆ."

ಕೆಲವು ತಿಂಗಳ ನಂತರ, ಔತಣ ಮುಗಿದ ಮೇಲೆ, ಮನೆಯೊಡತಿ ತಾನೇ ಆ ವೈನನ್ನು ಒಂದು ಗ್ಲಾಸಿಗೆ ಸುರಿದು ಸ್ಟ್ಯಾನಿಯ ಮುಂದಿಟ್ಟರಂತೆ. ಅಷ್ಟು ವರ್ಷ ಬಡಿಸಿದ್ದರೂ ಅವರು ಅದನ್ನು ಬಾಯಿಗೆ ಹಾಕಿದವರಲ್ಲ. "ಒಂದು ಗುಟುಕು ಕುಡಿದೆ. ಒಳ್ಳೆದಿತ್ತು ಮಾರಾಯ್ರೆ. ಭಾರಿ ಒಳ್ಳೆದಿತ್ತು. ಅದೇ ಸಂಕಟ. ಉಳಿದದ್ದು ಕುಡಿಲಿಕ್ಕೆ ಆಗ್ಲಿಲ್ಲ."

ಬಾಟಲಿ ಒಡೆಯಲು ಶುರುಮಾಡಿದ್ದು ಆಗ. ರಜೆಯ ದಿನ ಖೈತಾನಿನ ಕೋಣೆ ಕೋಣೆಗೆ ಹೋಗಲು ಶುರುಮಾಡಿದ್ದೂ ಆಗಲೇ. ಕುಡಿಯಬೇಡಿ ಎಂದು ಅವರು ಭಾಷಣ ಮಾಡುವುದಿಲ್ಲ. ಇನೆಜ್ ಕಲಿಸಿದ ಎರಡೇ ಮಾತು ಹೇಳುತ್ತಾರೆ: ಕಣ್ಣು ಮಂಜಾದರೆ ಮಲಗಬೇಡಿ. ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಆಮೇಲೆ ತನ್ನ ಮೊಬೈಲ್ ನಂಬರು ಕೊಟ್ಟು ಬರುತ್ತಾರೆ. ಕೆಲವರು ಮುಖದ ಮೇಲೆಯೇ ಬಾಗಿಲು ಹಾಕುತ್ತಾರೆ. ಒಮ್ಮೆ ಕಳ್ಳಭಟ್ಟಿಯವರು ಹೊಡೆದು ಎರಡು ಹಲ್ಲು ಮುರಿದರು. ಆದರೂ ಫೋನ್ ಬರುತ್ತದೆ. ಮಲಯಾಳಿಗಳದ್ದು, ನೇಪಾಳಿಗಳದ್ದು, ನಮ್ಮವರದ್ದು. ಎಲ್ಲರೂ ಉಳಿದಿಲ್ಲ. ಹೋಗಿ ಬಾಗಿಲು ತಟ್ಟಿದರೆ ಒಳಗಿನಿಂದ ಅಳು ಕೇಳಿಸಿದ್ದೂ ಉಂಟು.

"ಉಳಿದವ್ರು ನನಗೆ ಶಾಪ ಹಾಕಿಯೇ ಹೋಗುವುದು. ಆಸ್ಪತ್ರೆಗೆ ಹಾಕಿದ್ದು ನಾನು, ಊರಿಗೆ ಅಟ್ಟಿಸಿದ್ದೂ ನಾನೇ ಅಲ್ವಾ? ಹಾಕ್ಲಿ."

ಹೋದ ತಿಂಗಳು ಕಾರ್ಕಳದ ತಿಲಕ್ ಎಂಬ ಎಲೆಕ್ಟ್ರಿಷಿಯನ್ ಫೋನ್ ಮಾಡಿದ್ದ, ಕಣ್ಣ ಮುಂದೆ ಬಿಳಿ ಬಟ್ಟೆ ಕಟ್ಟಿದ ಹಾಗೆ ಆಗುತ್ತಿದೆ ಎಂದು. ಸ್ಟ್ಯಾನಿ ಅರ್ಧ ಬಡಿಸಿದ ಊಟವನ್ನು ಅಲ್ಲಿಗೇ ಬಿಟ್ಟು ಓಡಿದರು. ಚಿಕಿತ್ಸೆಯಾಯಿತು, ಬಂಧನವಾಯಿತು, ಗಡೀಪಾರಿನ ಆದೇಶವೂ ಆಯಿತು. ಇನ್ನೆಂದೂ ಇಲ್ಲಿ ದುಡಿಯುವಂತಿಲ್ಲ. ಹೋಗುವ ದಿನ ವಿಮಾನ ನಿಲ್ದಾಣದಿಂದ ತಿಲಕ್ ಯಾರದೋ ಫೋನ್ ಬೇಡಿ ಪಡೆದು ಮಾತಾಡಿದ.

ಏನು ಹೇಳಿದ ಎಂದು ಕೇಳುತ್ತೇನೆ. ಸ್ಟ್ಯಾನಿ ಕೈಯೊರೆಸಿಕೊಳ್ಳುತ್ತಾರೆ.

"ಥ್ಯಾಂಕ್ಸ್ ಗೀಂಕ್ಸ್ ಎಂತದೂ ಇಲ್ಲ. ಎದುರಿಗೆ ಬೋರ್ಡ್ ಇತ್ತಂತೆ. ಮುಂಬೈ ವಿಮಾನ, ಗೇಟ್ ನಂಬರ್, ಟೈಮ್, ಅದರ ಕೆಳಗೆ ದೋಹಾ, ಕೊಲಂಬೊ... ಎಲ್ಲ ಓದಿ ಓದಿ ಹೇಳಿದ. ನಾನು ಕೇಳ್ತಾ ನಿಂತೆ."