ಹಲ್ಲಕ್ಕ ಲಾಟೀನು ಆರಿಸಿದ್ದು

ಇಪ್ಪತ್ತೇಳು ವರ್ಷ ಕಂಡವರ ಬಾಯಿಗೆಲ್ಲ ಹಲ್ಲು ಮಾಡಿಕೊಟ್ಟವಳಿಗೆ ಕಂಡವರ ಮೇಲೆ ಗೌರವ ಉಳಿಯುವುದು ಕಷ್ಟ. ಹಲ್ಲಕ್ಕನಿಗೂ ಉಳಿದಿರಲಿಲ್ಲ. ಆಕೆಯ ನಿಜವಾದ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಇತ್ತು. ಮೇಲಿನ ಮಹಡಿಯ ದಂತವೈದ್ಯರಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಆಕೆ ಹಲ್ಲಕ್ಕ. ತಾನು ದಾರಿಯಲ್ಲಿ ಸಿಕ್ಕವರ ಹೆಸರು ಮರೆಯುತ್ತಿದ್ದಳು, ಹಲ್ಲು ಮರೆಯುತ್ತಿರಲಿಲ್ಲ. ಬ್ಯಾಂಕಿನ ಮ್ಯಾನೇಜರು ಎಂದರೆ ಆಕೆಗೆ ಕೆಳಗಿನ ಸಾಲಿನಲ್ಲಿ ಒಂದರ ಮೇಲೊಂದು ಹತ್ತಿ ಕೂತ ನಾಲ್ಕು ಹಲ್ಲು. ಎದುರುಮನೆಯ ಸಂಗೀತದ ಮೇಡಂ ಎಂದರೆ ನಕ್ಕಾಗ ಮೂರು ಬೆರಳಗಲ ಕಾಣುವ ವಸಡು. ತೀರಿಕೊಂಡ ಗಂಡನ ಬಗ್ಗೆ ಯಾರಾದರೂ ಕೇಳಿದರೆ, "ಹಲ್ಲು ಚೆನ್ನಾಗಿತ್ತು" ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದಳು.

ಆಕೆಯ ಕೆಲಸದ ಕೋಣೆ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿತ್ತು. ಗೋಡೆಯ ನೆತ್ತಿಯಲ್ಲಿ ಗೇಣುದ್ದದ ಒಂದು ಗವಾಕ್ಷಿ. ಅದರಲ್ಲಿ ಬೆಳಕಿಗಿಂತ ಹೆಚ್ಚಾಗಿ ಬೀದಿಯಲ್ಲಿ ಓಡಾಡುವವರ ಚಪ್ಪಲಿ ಕಾಣುತ್ತಿದ್ದವು. ಮೇಜಿನ ಮೇಲೆ ಮೇಣ ಕೆತ್ತುವ ಚಾಕು, ಪುಟ್ಟ ಸ್ಪಿರಿಟ್ ದೀಪ, ಉಜ್ಜುವ ಮೋಟಾರು. ಕಪಾಟಿನ ತುಂಬ ಸುಣ್ಣದ ಬಿಳುಪಿನ ದವಡೆಯ ಅಚ್ಚುಗಳು ನಂಬರು ಅಂಟಿಸಿಕೊಂಡು ಬಾಯ್ಬಿಟ್ಟು ಕೂತಿದ್ದವು. ತನಗೆ ಗೊತ್ತಿರುವವರಲ್ಲಿ ಇವೇ ವಾಸಿ, ಬಾಯಿ ಬಿಟ್ಟರೂ ಮಾತಾಡುವುದಿಲ್ಲ ಎಂದು ಆಕೆ ಹೇಳುವುದಿತ್ತು.

ಆ ವರ್ಷ ಬೀದಿಯ ಹಳೆಯ ಕೇಬಲ್ಲುಗಳನ್ನೆಲ್ಲ ಕಿತ್ತು ಹೊಸದು ಹಾಕುವ ಕೆಲಸ ಶುರುವಾಯಿತು. ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟ್ ಇಲ್ಲ ಎಂದು ಚೀಟಿ ಅಂಟಿಸಿದರು. ಬೀದಿಯವರಿಗೆಲ್ಲ ಅದು ಒಂದು ನಿದ್ದೆಯ ಹೊತ್ತು. ನೆಲಮಾಳಿಗೆಯಲ್ಲಿ ಮಾತ್ರ ಹಾಡುಹಗಲಲ್ಲೇ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಸುದ್ದಿ ತಮ್ಮನಿಗೆ ಮುಟ್ಟಿದ್ದೇ ತಡ, ಅವನು ಒಂದು ಡಬ್ಬಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಪೈಪು ಮಾರುವ ಕಂಪನಿಯಲ್ಲಿ ಮೇಲ್ವಿಚಾರಕನಾಗಿದ್ದ ಈ ತಮ್ಮ ಇತ್ತೀಚೆಗೆ ವಾರಕ್ಕೊಮ್ಮೆ ಡೇರೆ ಹೊತ್ತು ಬಯಲಿಗೆ ಹೋಗುವ ಗುಂಪೊಂದನ್ನು ಸೇರಿದ್ದ. ಅಂದಿನಿಂದ ಅವನ ಅಂಗಿಗೂ ಪ್ಯಾಂಟಿಗೂ ಎಲ್ಲೆಲ್ಲೂ ಜೇಬು. ಜೇಬಿಗೊಂದು ಸಾಮಾನು, ಸಾಮಾನಿಗೊಂದು ಭಾಷಣ.

"ಅಕ್ಕ, ಕಣ್ಣು ಮುಚ್ಕೋ."

"ಕರೆಂಟೇ ಇಲ್ಲ, ಮುಚ್ಚಿದ್ರೇನು ಬಿಟ್ರೇನು."

ಡಬ್ಬಿಯಿಂದ ಕಿತ್ತಳೆ ಬಣ್ಣದ ಲಾಟೀನು ಹೊರಬಂತು. ತಲೆಯ ಮೇಲೆ ಅಂಗೈಯಗಲದ ಸೌರ ಫಲಕ, ಹೊಟ್ಟೆಯಲ್ಲಿ ರೇಡಿಯೊ, ಬೆನ್ನಿಗೆ ದಿಕ್ಸೂಚಿ, ಪಕ್ಕದಲ್ಲಿ ಫ್ಯಾನು. ಜೊತೆಗೆ ಆಪತ್ತಿಗೆ ಕೂಗುವ ಸೈರನ್ನು, ಮೊಬೈಲ್ ಚಾರ್ಜಿಗೆ ತೂತು, ಕನ್ನಡಿ ಬೇರೆ.

"ನಲವತ್ತೆರಡು ಲಾಟೀನಿನ ವಿಮರ್ಶೆ ಓದಿ ಆರಿಸಿದೀನಿ. ಹನ್ನೊಂದು ಸೌಲಭ್ಯ! ಇದರಲ್ಲಿ ಏನಿಲ್ಲ ಹೇಳು ನೋಡೋಣ?"

ಹಲ್ಲಕ್ಕ ಗುಂಡಿ ಒತ್ತಿದಳು. ಮೀನಿನ ಹೊಟ್ಟೆಯ ಬಣ್ಣದ ಬೆಳಕು ಮೇಜಿನ ಮೇಲೆ ಚೆಲ್ಲಿತು.

"ಬೆಳಕಿಲ್ಲ" ಎಂದಳು.

ತಮ್ಮ ಹೋ ಎಂದು ನಕ್ಕ. ಅಕ್ಕನ ಬಾಯಿಗೆ ಅವನು ಚಿಕ್ಕಂದಿನಿಂದಲೇ ಒಗ್ಗಿಹೋಗಿದ್ದ. ಆಕೆ ಲಾಟೀನನ್ನು ಇಟ್ಟುಕೊಂಡಳು, ಬಿಟ್ಟಿ ಸಿಕ್ಕಿತಲ್ಲ ಎಂದು. ತಮ್ಮನ ಮೇಲಿನ ತಾತ್ಸಾರಕ್ಕೆ ಇನ್ನೊಂದು ಕಾರಣ ಸಿಕ್ಕಿತೆಂಬ ಸಣ್ಣ ಖುಷಿಯೂ ಇತ್ತು. ದಿನಾ ಬೆಳಿಗ್ಗೆ ಬಂದವಳೇ ಅದನ್ನು ಕ್ಲಿನಿಕ್ಕಿನ ಮೆಟ್ಟಿಲ ಬಳಿ ಬಿಸಿಲಿಗಿಟ್ಟು, ಎರಡು ಗಂಟೆಗೆ ಒಳಗೆ ತರುತ್ತಿದ್ದಳು. ಅದು ಮೊದಲ ದಿನ ಅರ್ಧ ಗಂಟೆ ಉರಿಯಿತು, ಮರುದಿನದಿಂದ ಹಚ್ಚಿದ ಕೂಡಲೇ ಕಣ್ಣು ಮಿಟುಕಿಸತೊಡಗಿತು. ಆಮೇಲಾಮೇಲೆ ಮನೆಯಲ್ಲೇ ಕರೆಂಟಿನ ವೈರಿಗೆ ಚುಚ್ಚಿ ತರತೊಡಗಿದಳು.

ಹೀಗಿರುವಾಗ ಒಂದು ಮಧ್ಯಾಹ್ನ ಡಾಕ್ಟರು ಒಬ್ಬಳನ್ನು ಕೆಳಗೆ ಕಳಿಸಿದರು. ದೊಡ್ಡ ಹೋಟೆಲೊಂದರಲ್ಲಿ ಸ್ವಾಗತಕಾರಿಣಿ. ಸ್ಕೂಟರಿನಿಂದ ಬಿದ್ದು ಮುಂದಿನ ಎರಡು ಹಲ್ಲು ಹೋಗಿದ್ದವು. ಕೃತಕ ಹಲ್ಲಿಗೆ ಬಣ್ಣ ಹೊಂದಿಸಬೇಕಿತ್ತು. ಅದಕ್ಕೆ ಹಲ್ಲಕ್ಕನ ಬಳಿ ಹದಿನಾರು ಮಾದರಿ ಹಲ್ಲುಗಳ ಒಂದು ಪಟ್ಟಿಯಿತ್ತು. ಒಂದಕ್ಕೂ ಪಕ್ಕದ್ದಕ್ಕೂ ಇರುವ ವ್ಯತ್ಯಾಸ ಹಾಲಿಗೂ ಕೆನೆಗೂ ಇರುವಷ್ಟು. ಸಾಮಾನ್ಯವಾಗಿ ಗಿರಾಕಿಯನ್ನು ಬೀದಿಯ ಬೆಳಕಿಗೆ ಕರೆದೊಯ್ದು ನೋಡುವವಳು, ಅಂದು ಕೈಯಲ್ಲಿ ಬಿಸಿ ಮೇಣ ಇದ್ದುದರಿಂದ ಲಾಟೀನನ್ನೇ ಬಾಯಿಯ ಹತ್ತಿರ ಹಿಡಿದು ಐದನೆಯದನ್ನು ಆರಿಸಿಬಿಟ್ಟಳು.

ವಾರ ಕಳೆದ ಮೇಲೆ ಸ್ವಾಗತಕಾರಿಣಿ ಮತ್ತೆ ಮೆಟ್ಟಿಲಿಳಿದು ಬಂದಳು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದಳು. ಹಲ್ಲಕ್ಕ ಮನಸ್ಸಿನಲ್ಲೇ ಹತ್ತು ಉತ್ತರ ಸಜ್ಜುಮಾಡಿಕೊಂಡಳು. ದೂರು ತರುವವರು ಆಕೆಗೆ ಹೊಸಬರಲ್ಲ. ಸಿನಿಮಾದವರ ಹಾಗೆ ಬೆಳ್ಳಗಿಲ್ಲ, ಎಳೇ ವಯಸ್ಸಿನ ಹಾಗೆ ಕಾಣಲ್ಲ ಎಂದು ಬರುವವರನ್ನು ಎರಡು ಮಾತಿನಲ್ಲಿ ಮೆಟ್ಟಿಲು ಹತ್ತಿಸುವುದು ಆಕೆಗೆ ಅಭ್ಯಾಸ.

ಆದರೆ ಈಕೆ ಜಗಳಕ್ಕೆ ಬಂದಿರಲಿಲ್ಲ. "ಮೂರು ದಿನದಿಂದ ಕೌಂಟರಲ್ಲಿ ಬಾಯಿ ಮುಚ್ಕೊಂಡು ನಿಂತಿದೀನಿ" ಎಂದಳು. "ನಗೋದೇ ನನ್ನ ಕೆಲಸ. ಮ್ಯಾನೇಜರು ನಿನ್ನೆ ನನ್ನನ್ನ ಹಿಂದಿನ ರೂಮಿನ ಫೋನಿಗೆ ಹಾಕಿದಾರೆ" ಎಂದು ಕರವಸ್ತ್ರ ತೆಗೆದಳು.

ಹಲ್ಲಕ್ಕ ಆಕೆಯ ಗದ್ದ ಹಿಡಿದು ಗವಾಕ್ಷಿಯ ಕಡೆ ತಿರುಗಿಸಿದಳು. ಕೆನೆ ಬಣ್ಣದ ಹಲ್ಲುಗಳ ನಡುವೆ ಎರಡು ನೀಲಿ ಬಿಳುಪಿನ ಪಿಂಗಾಣಿ ಚೂರುಗಳು. ಹಲ್ಲು ಮಾಡಲು ಕಲಿಯುವ ಮೊದಲ ವರ್ಷದವರೂ ಮಾಡದ ತಪ್ಪು.

"ಬಿಚ್ಚಿ ಕೊಡಮ್ಮ" ಎಂದಳು. "ನನ್ನದೇ ತಪ್ಪು. ನಾಳೆ ಸಂಜೆಗೆ ಬೇರೆ ಮಾಡಿಕೊಡ್ತೀನಿ."

ಬೇರೆ ಮಾಡಿಕೊಟ್ಟಳು. ಹಾಕಿಕೊಂಡವಳು ಬೀದಿಯಲ್ಲಿ ನಿಂತು ಕೈಗನ್ನಡಿ ನೋಡಿ ನಕ್ಕಳು. ಹಲ್ಲಕ್ಕ ಆ ಎರಡು ನೀಲಿ ಹಲ್ಲನ್ನು ಮೇಜಿನ ಮೇಲೆ ಕಣ್ಣೆದುರೇ ಇಟ್ಟುಕೊಂಡಳು. ಜಗತ್ತಿನ ಮೇಲೆಲ್ಲ ಕಾರುತ್ತಿದ್ದ ತಿರಸ್ಕಾರ ಮೊದಲ ಸಲ ತನ್ನ ಕಡೆಗೇ ತಿರುಗಿತ್ತು. ಅದು ಎಷ್ಟು ಕಹಿ ಎಂಬುದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಿತ್ತಳೆ ಲಾಟೀನನ್ನು ಡಬ್ಬಿಗೆ ಹಾಕಿ ತಮ್ಮನ ಮನೆಗೆ ತಲುಪಿಸಿದಳು. ಶನಿವಾರ ಹದಿನಾರು ಹಲ್ಲಿನ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೊರಟಳು.

ಮೊದಲ ಅಂಗಡಿ ಗಾಜಿನದು. ಟೈ ಕಟ್ಟಿದವನು ಎದುರಾದ. ನಗುವಾಗ ಎಡಗಡೆಯ ಕೋರೆಹಲ್ಲು ಮಾತ್ರ ಕಾಣುವ ಜಾತಿ.

"ಸಾವಿರ ಲೂಮೆನ್ ಬೆಳಕು ಮೇಡಂ. ಕಾಡೆಲ್ಲ ಹಗಲಾಗುತ್ತೆ."

"ನನಗೆ ಕಾಡು ಬೇಡ, ಒಂದು ಬಾಯಿಯಷ್ಟು ಹಗಲಾದ್ರೆ ಸಾಕು. ಇದನ್ನ ಕತ್ತಲೇಲಿ ನೋಡಬೇಕು. ಉಗ್ರಾಣ ಎಲ್ಲಿದೆ?"

ಅವನು ತಬ್ಬಿಬ್ಬಾಗಿ ದಾರಿ ತೋರಿಸಿದ. ರಟ್ಟಿನ ಡಬ್ಬಿಗಳ ನಡುವೆ ಬಾಗಿಲು ಮುಚ್ಚಿಕೊಂಡು ಹಲ್ಲಕ್ಕ ಲಾಟೀನು ಹಚ್ಚಿ, ನಾಲ್ಕನೆಯ ಹಲ್ಲನ್ನೂ ಐದನೆಯದನ್ನೂ ಪಕ್ಕಪಕ್ಕ ಹಿಡಿದಳು. ಎರಡೂ ಒಂದೇ ಥರ ಸತ್ತಂತಿದ್ದವು. ಹೊರಗೆ ಬಂದು, "ಇದು ಕಣ್ಣು ಕುಕ್ಕುತ್ತೆ ಅಷ್ಟೆ, ಏನೂ ತೋರಿಸಲ್ಲ" ಎಂದು ಕೈಗಿತ್ತು ನಡೆದಳು.

ಎರಡನೆಯ ಅಂಗಡಿಯವನು ಡಬ್ಬಿಯ ಮೇಲಿನ 'ನೂರು ಗಂಟೆ' ಎಂಬ ಅಕ್ಷರಕ್ಕೆ ಬೆರಳಿಟ್ಟ.

"ಪೂರಾ ಬೆಳಕಲ್ಲಿ ನೂರು ಗಂಟೆನಾ?"

"ಅದು... ಸಣ್ಣ ಬೆಳಕಲ್ಲಿ."

"ಎಷ್ಟು ಸಣ್ಣ?"

ಹಚ್ಚಿ ತೋರಿಸಿದ. ಉರಿಯುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. "ಇದನ್ನ ಹುಡುಕೋಕೆ ಇನ್ನೊಂದು ಲಾಟೀನು ಕೊಡ್ತೀರಾ?" ಎಂದು ಕೇಳಿ ಹಲ್ಲಕ್ಕ ಅಲ್ಲಿಂದಲೂ ಹೊರಟಳು.

ಮೂರನೆಯದು ಗಾಳ, ಹಗ್ಗ, ಸೈಕಲ್ಲಿನ ಡೈನಮೊ ಮಾರುವ ಇಕ್ಕಟ್ಟಾದ ಅಂಗಡಿ. ಅಲ್ಲಿದ್ದ ಮುದುಕ ಎದ್ದೇಳಲಿಲ್ಲ. ಅವನ ಮೇಲಿನ ಹಲ್ಲು ಸೆಟ್ಟು ಮಾತಿಗೊಮ್ಮೆ ಕಟಕ್ ಎಂದು ಸಡಿಲಾಗುತ್ತಿತ್ತು. ಸದ್ಯ ತನ್ನ ಕೈಕೆಲಸ ಅಲ್ಲ ಎಂದು ಹಲ್ಲಕ್ಕ ಸಮಾಧಾನಪಟ್ಟುಕೊಂಡಳು.

"ಯಾವ ಕೆಲಸಕ್ಕೆ?" ಎಂದ.

ಇಡೀ ದಿನದಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ಹಲ್ಲಕ್ಕ ಪಟ್ಟಿ ತೆಗೆದು ತೋರಿಸಿದಳು. ಮುದುಕ ಮೇಲಿನ ಅಟ್ಟದಿಂದ ಬೂದು ಬಣ್ಣದ, ನೋಡಲು ಉಪ್ಪಿನ ಡಬ್ಬಿಯಂಥ ಲಾಟೀನು ಇಳಿಸಿದ. "ರೇಡಿಯೊ ಇಲ್ಲ, ಗೀಡಿಯೊ ಇಲ್ಲ. ಬಲ್ಬು ಒಳ್ಳೇದು, ಬಣ್ಣಾನ ಇದ್ದ ಹಾಗೆ ತೋರಿಸುತ್ತೆ. ಮೂರು ತಾಸು ಒಂದೇ ಸಮ ಉರಿಯುತ್ತೆ, ಆಮೇಲೆ ಸತ್ತೋಗುತ್ತೆ. ನಡುವೆ ಮಂಕಾಗಿ ಮೋಸ ಮಾಡಲ್ಲ."

"ಸೌರ ಅಂತ ಬರೆದಿದೆಯಲ್ಲ?"

"ಬರೆದಿದೆ. ಅಷ್ಟಗಲದ ಫಲಕ ಎಷ್ಟು ಬಿಸಿಲು ಕುಡಿದೀತು? ಪೂರ್ತಿ ತುಂಬೋಕೆ ಎರಡು ದಿನ ಬೇಕು, ಮೋಡ ಇದ್ರೆ ನಾಕು. ಕರೆಂಟ್ ಇದ್ದಾಗ ವೈರಿಗೆ ಚುಚ್ಚಿ. ಬಿಸಿಲು ಬೇರೆ ದಾರಿ ಇಲ್ಲದಾಗ."

ಗಿರಾಕಿಗೆ ಮಾಲಿನ ಹುಳುಕು ತಾನೇ ಹೇಳುವ ವ್ಯಾಪಾರಿಯನ್ನು ಹಲ್ಲಕ್ಕ ಅಂದೇ ನೋಡಿದ್ದು. ಬೆಂಚಿನ ಕೆಳಗಿನ ಕತ್ತಲಿಗೆ ಕೈತೂರಿಸಿ ಹಚ್ಚಿ ನೋಡಿದಳು. ನಾಲ್ಕನೆಯ ಹಲ್ಲು ನಾಲ್ಕನೆಯದಾಗಿ, ಐದನೆಯದು ಐದನೆಯದಾಗಿ ಕಂಡಿತು. ಚೌಕಾಸಿ ಮಾಡದೆ ಕೊಂಡಳು. ಹೊರಡುವಾಗ, "ಆ ಸೆಟ್ಟು ಮಾಡಿದೋನಿಗೆ ಕೈ ಇಲ್ಲ" ಎಂದು ಹೇಳದಿರಲು ಮಾತ್ರ ಆಕೆಯಿಂದ ಆಗಲಿಲ್ಲ.

ಲಾಟೀನು ಹಿಂದಿರುಗಿಸಿದ್ದು ತಮ್ಮನಿಗೆ ನಾಟಿತ್ತು. "ಒಂದು ಸಲ ಬಯಲಿಗೆ ಬಾ ಅಕ್ಕ, ಅಲ್ಲಿ ನೋಡು ಅದರ ಪ್ರತಾಪ" ಎಂದು ದುಂಬಾಲು ಬಿದ್ದ. ಅವನ ಮಗಳೂ, "ಅತ್ತೆ, ಬಾ ಅತ್ತೆ" ಎಂದು ಫೋನಿನಲ್ಲಿ ಕಾಡಿದ್ದರಿಂದ ಹಲ್ಲಕ್ಕ ಮುಂದಿನ ಭಾನುವಾರ ತನ್ನ ಬೂದು ಲಾಟೀನು ಹಿಡಿದು ಅವರೊಂದಿಗೆ ಜಲಾಶಯದ ದಂಡೆಗೆ ಹೋದಳು.

ಆ ಗುಂಪನ್ನು ನೋಡಿಯೇ ಆಕೆಯ ಮೂಗು ಮೇಲೆ ಹೋಯಿತು. ಮನೆಯಲ್ಲಿ ಒಳ್ಳೆಯ ಹಾಸಿಗೆ ಬಿಟ್ಟು ಬಂದು ಕಲ್ಲಿನ ಮೇಲೆ ಮಲಗುವವರು. ಹಾಗೆ ಮಲಗಲು ಬೇಕಾದ ದಿಂಬು, ಚಾಪೆ, ಮಡಚುವ ಕುರ್ಚಿ, ಮಡಚುವ ಒಲೆ, ಮಡಚುವ ಬಕೆಟ್ಟುಗಳನ್ನು ಮೂರು ಕಾರಿನಲ್ಲಿ ತುಂಬಿ ತಂದಿದ್ದರು. ಒಬ್ಬ ಡೇರೆಯ ಕೋಲು ಹಿಡಿದು ಒಂದು ಗಂಟೆ ಅದರ ಸುತ್ತ ಪ್ರದಕ್ಷಿಣೆ ಹಾಕಿದ. "ಬಟ್ಟೆ ಒಣಹಾಕೋಕೆ ಇಷ್ಟು ಕಷ್ಟ ಯಾಕೆ?" ಎಂದು ಹಲ್ಲಕ್ಕ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಕೇಳಿದಳು.

ಹೊತ್ತು ಮುಳುಗಿ ಮಬ್ಬು ಕವಿಯುತ್ತಿದ್ದಂತೆ ತಮ್ಮ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಕಿತ್ತಳೆ ಲಾಟೀನು ಎತ್ತಿ ಹಿಡಿದ. "ಬೆಳಿಗ್ಗೆಯಿಂದ ಕಾರಿನ ನೆತ್ತಿ ಮೇಲೆ ಬಿಸಿಲಲ್ಲಿಟ್ಟಿದ್ದೆ. ಈಗ ನೋಡಿ." ಗುಂಡಿ ಒತ್ತಿದ. ಬೆಳಕು ಬರಲಿಲ್ಲ. ಇನ್ನೊಂದು ಒತ್ತಿದ. ಸೈರನ್ನು ಕೂಗಿಕೊಂಡಿತು. ಅದನ್ನು ನಿಲ್ಲಿಸಲು ಉಳಿದ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದ. ಫ್ಯಾನು ಒಂದು ಸುತ್ತು ತಿರುಗಿ ನಿಂತಿತು. ಸೈರನ್ನು ನಿಲ್ಲಲಿಲ್ಲ. ಮಗಳು ಕಿವಿ ಮುಚ್ಚಿಕೊಂಡಳು. ದಂಡೆಯ ಆಚೆಯಿಂದ ಯಾರೋ ಟಾರ್ಚು ಬೀಸುತ್ತ, "ಯಾರಿಗೇನಾಯ್ತು?" ಎಂದು ಓಡಿಬಂದರು. ತಮ್ಮನ ಹೆಂಡತಿ ಅದರ ಮೇಲೆ ಕಂಬಳಿ ಹೊದಿಸಿದಳು. ಕಂಬಳಿಯೊಳಗಿಂದ ಅದು ಇನ್ನಷ್ಟು ದಯನೀಯವಾಗಿ ಕೂಗಿತು.

"ಕೊಡಿಲ್ಲಿ" ಎಂದು ಹಲ್ಲಕ್ಕ ಅದನ್ನು ಕಿತ್ತುಕೊಂಡಳು. ತನ್ನ ಲಾಟೀನನ್ನು ಕಲ್ಲಿನ ಮೇಲಿಟ್ಟು ಹಚ್ಚಿ, ಚೀಲದಿಂದ ಮೇಣದ ಚಾಕು ತೆಗೆದು ನಾಲ್ಕು ತಿರುಪು ಬಿಚ್ಚಿ, ಒಂದು ತಂತಿ ಕತ್ತರಿಸಿದಳು. ದಂಡೆ ಥಟ್ಟನೆ ನಿಶ್ಶಬ್ದವಾಯಿತು. ಆಮೇಲೆ ಫಲಕದ ಹಿಂದೆ ಇಣುಕಿ ನೋಡಿದಳು. ಅಲ್ಲಿಂದ ಹೊರಟ ಎರಡು ತಂತಿಗಳು ಎಲ್ಲಿಗೂ ಹೋಗಿರಲಿಲ್ಲ. ತುದಿ ಕತ್ತರಿಸಿ ಅಂಟಿನಲ್ಲಿ ಹುದುಗಿಸಿಟ್ಟಿದ್ದರು.

ಬಾಯಿ ಮುಚ್ಚಿಕೊಳ್ಳಬಹುದಿತ್ತು. ಮುಚ್ಚಿಕೊಳ್ಳಲಿಲ್ಲ.

"ನೋಡಿ ಬನ್ರಪ್ಪ! ನಲವತ್ತೆರಡು ವಿಮರ್ಶೆ ಓದಿದ ಮಹಾಶಯರ ಸೌರ ದೀಪ. ಸೂರ್ಯಂಗೂ ಇದಕ್ಕೂ ಸಂಬಂಧವೇ ಇಲ್ಲ. ಹನ್ನೊಂದನೇ ಸೌಲಭ್ಯ ಏನು ಗೊತ್ತಾ? ಕೊಂಡೋನ ದಡ್ಡತನ!"

ಗುಂಪು ಬಿದ್ದು ಬಿದ್ದು ನಕ್ಕಿತು. ತಮ್ಮನ ಹೆಂಡತಿಯೂ ನಕ್ಕಳು. ಮಗಳು ಅಪ್ಪನ ಮುಖ ನೋಡಿ ಅರ್ಧ ನಕ್ಕು ನಿಲ್ಲಿಸಿದಳು. ತಮ್ಮನೂ ತಲೆ ಹಿಂದಕ್ಕೆ ಹಾಕಿ, ಬಾಯಿ ಅಗಲ ತೆರೆದು, ಎಲ್ಲರಿಗಿಂತ ಜೋರಾಗಿ ನಕ್ಕ. ಬೂದು ಲಾಟೀನಿನ ಬೆಳಕು ನೇರವಾಗಿ ಅವನ ಬಾಯೊಳಗೆ ಬಿತ್ತು.

ಹಲ್ಲಕ್ಕ ಕಂಡಳು. ಹಿಂದಿನ ದವಡೆ ಹಲ್ಲುಗಳ ತಲೆ ಸವೆದು ನುಣ್ಣಗೆ ಚಪ್ಪಟೆಯಾಗಿತ್ತು. ಒಂದರಲ್ಲಿ ಹೊಸ ಬಿರುಕಿತ್ತು. ಸವೆದ ಕಡೆ ಹಳದಿ ಒಳಪದರ ಹೊಳೆಯುತ್ತಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುವವರ ಬಾಯಿ ಅದು. ಸುಖವಾಗಿರುವವರ ಹಲ್ಲು ಹಾಗೆ ಸವೆಯುವುದಿಲ್ಲ. ಪಟ್ಟಣದ ಅರ್ಧ ಜನರ ಬಾಯಿ ಬಲ್ಲವಳು ಒಡಹುಟ್ಟಿದವನ ಬಾಯನ್ನು ಎಷ್ಟು ವರ್ಷದಿಂದ ನೋಡಿಲ್ಲ ಎಂದು ಲೆಕ್ಕ ಹಾಕಹೋಗಿ ಅರ್ಧಕ್ಕೇ ಬಿಟ್ಟಳು. ಲಾಟೀನನ್ನು ಪಕ್ಕಕ್ಕೆ ತಿರುಗಿಸಿದಳು.

ಊಟವಾದ ಮೇಲೆ ಅವನು ಒಬ್ಬನೇ ನೀರಿನ ಬಳಿ ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಹೋಗಿ ಕೂತಳು.

"ನಾಳೆ ಹತ್ತು ಗಂಟೆಗೆ ಬಾ. ನಿನ್ನ ಹಲ್ಲಿಗೆ ಅಳತೆ ತಗೋಬೇಕು."

"ನನ್ನ ಹಲ್ಲಿಗೇನಾಗಿದೆ? ನಾಳೆ ಆಫೀಸಿದೆ."

"ಬಾ ಅಂದೆ."

ಅವನು ಬಂದ, ಹತ್ತಕ್ಕೆ ಐದು ನಿಮಿಷ ಮೊದಲೇ. ಹಲ್ಲಕ್ಕ ಡಾಕ್ಟರನ್ನು ಕೇಳಿ ಮೇಲಿನ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಗುಲಾಬಿ ಬಣ್ಣದ ಹಿಟ್ಟು ಕಲಸಿ ತಟ್ಟೆಗೆ ತುಂಬಿ ಬಾಯಿಗೆ ಒತ್ತಿದಳು. ಹಲ್ಲು ಸವೆಯದಂತೆ ರಾತ್ರಿ ಹಾಕಿಕೊಳ್ಳುವ ಕಾಪು ಮಾಡಲು ಅದರ ಅಚ್ಚು ಬೇಕು. ಗಟ್ಟಿಯಾಗಲು ಮೂರು ನಿಮಿಷ. ಹುಟ್ಟಿದಾಗಿನಿಂದ ಮೂರು ನಿಮಿಷ ಸುಮ್ಮನಿದ್ದ ತಮ್ಮನನ್ನು ಆಕೆ ಕಂಡಿರಲಿಲ್ಲ.

"ಇವತ್ತು ಸೋಮವಾರ" ಎಂದಳು, ತಟ್ಟೆಯ ಹಿಡಿ ಬಿಡದೆ. "ಆಫೀಸಿದೆ ಅಂದೋನು ಹತ್ತಕ್ಕೆ ಮೊದಲೇ ಬಂದೆ. ಕೆಲಸ ಹೋಗಿ ಎಷ್ಟು ದಿನ ಆಯ್ತು?"

ತಮ್ಮನ ಕಣ್ಣು ಛಾವಣಿ ನೋಡಿತು, ಕಿಟಕಿ ನೋಡಿತು. ಕೊನೆಗೆ ಅವನು ನಾಲ್ಕು ಬೆರಳು ಎತ್ತಿದ.

"ವಾರ?"

ತಲೆ ಅಲ್ಲಾಡಿಸಿದ.

"ಹಾಗಾದ್ರೆ ತಿಂಗಳು. ಮನೇಲಿ ಗೊತ್ತಾ?"

ಮತ್ತೆ ಇಲ್ಲ ಎಂದು ತಲೆ ಅಲ್ಲಾಡಿಸಿದ. ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ನಾಲ್ಕು ತಿಂಗಳು ದಿನಾ ಬುತ್ತಿ ಹಿಡಿದು ಹೊರಟು, ಕ್ಯಾಂಪಿನ ಸಾಮಾನು ಮಾರುವ ತಂಪು ಅಂಗಡಿಗಳಲ್ಲಿ ಹೊತ್ತು ಕಳೆದಿದ್ದ. ಅದನ್ನು ಅವನು ಬಾಯಿ ಖಾಲಿಯಾದ ಮೇಲೆ ಹೇಳಿದ. ಸದ್ಯಕ್ಕೆ ಅಚ್ಚು ಗಟ್ಟಿಯಾಗಲು ಇನ್ನೂ ಒಂದೂವರೆ ನಿಮಿಷ ಉಳಿದಿತ್ತು.

"ಅದಕ್ಕೇ ನಲವತ್ತೆರಡು ವಿಮರ್ಶೆ ಓದೋಕೆ ಪುರುಸೊತ್ತು ಸಿಕ್ಕಿದ್ದು" ಎಂದಳು ಹಲ್ಲಕ್ಕ. ದನಿಯಲ್ಲಿ ಎಂದಿನ ಖಾರವೇ ಇತ್ತು, ಬೇರೆ ದನಿ ಆಕೆಗೆ ಬರುತ್ತಿರಲಿಲ್ಲ. ಆದರೆ ಇನ್ನೊಂದು ಕೈ ತಾನಾಗಿ ಹೋಗಿ ಅವನ ಕಣ್ಣಂಚು ಒರೆಸಿತು. "ಸಂಜೆ ನಾನೂ ಮನೆಗೆ ಬರ್ತೀನಿ, ಹೆಂಡತಿಗೆ ನನ್ನೆದುರೇ ಹೇಳು. ಈಗ ಅಳಬೇಡ, ಗದ್ದ ಅಲುಗುತ್ತೆ. ಅಚ್ಚು ಕೆಟ್ರೆ ಮತ್ತೆ ಕಲಸೋಕೆ ನನಗೆ ಹೊತ್ತಿಲ್ಲ."